ಗಂಜಿ ಕೇಳಿದ ನೆಂಟ

ಮಾರ್ಚ್ ಒಂದು, ಭಾನುವಾರ. ಮದ್ದೂರು ಠಾಣೆಯ ಇನ್‌ಸ್ಪೆಕ್ಟರ್ ಅರುಂಧತಿ ಇಡ್ಲಿ ಪೊಟ್ಟಣ ಬಿಚ್ಚಿದ್ದಷ್ಟೇ, ವೈದ್ಯನಾಥಪುರದ ಯಶೋದಮ್ಮ ಎದೆ ಬಡಿದುಕೊಂಡು ಒಳಗೆ ಬಂದಳು. ಠಾಣೆಯ ಹಣೆಬರಹವೇ ಅಷ್ಟು. ಊಟ ತಿಂಡಿಗೂ ದೂರಿಗೂ ಹುಟ್ಟಾ ದ್ವೇಷ.

"ನನ್ ತಮ್ಮನ್ನ ಅವನೆಂಡ್ರು ವಿಸ ಇಕ್ಕಿ ಸಾಯ್ಸವ್ಳೆ. ಬರ್ಕಳಿ."

"ಕೂತ್ಕೊಳಮ್ಮ. ತಮ್ಮ ಯಾರು?"

"ರಘುನಂದನ. ಕರೆಂಟಾಫೀಸಲ್ಲಿ ಕೆಲ್ಸ."

"ಏನಾಯ್ತು?"

"ಸುಕ್ರವಾರ ಸಂಜೆ ಪರಸ್ಥಳದಿಂದ ಬಂದ. ಬಂದೋನ್ಗೆ ಒಬ್ಬಟ್ಟು ಮಾಡಿಕ್ಕುದ್ಲು ಆ ನಾಗಮಣಿ. ನೆನ್ನೆ ಪೂರಾ ವಾಂತಿ, ಕಾಲೆಲ್ಲ ಊತ. ಇವತ್ತು ಬೆಳಗಾನ ಉಸ್ರಾಡಕ್ಕಾಗದೆ ಒದ್ದಾಡ್ದ. ಮಂಡ್ಯ ಆಸ್ಪತ್ರೆಗೆ ಆಕ್ಕಂಡೋದೊ. ಅರ್ಧ ಗಂಟೆಲಿ ಓಗ್ಬುಟ್ಟ."

"ವಿಷ ಅಂತ ಹೆಂಗೆ ಹೇಳ್ತೀರಿ?"

"ದುಂಡಗಿದ್ದೋನು ಎಲುಬಿನ ಗೂಡಾಗಿದ್ದ ಕಣಮ್ಮ. ಇಬ್ರಿಗೂ ದಿನಾ ಜಗ್ಳ. ಅವಳಡುಗೆ ಮನೇಲಿ ಇಲಿ ಪಾಸಾಣ ಅದೆ, ಓಗಿ ನೋಡಿ!"

ಕೊಲೆ ಎಂದೇ ಎಫ್‌ಐಆರ್ ದಾಖಲಾಯಿತು. ಇಡ್ಲಿ ತಣ್ಣಗಾಯಿತು. ಹೆಡ್ ಕಾನ್‌ಸ್ಟೇಬಲ್ ನಯಾಜ್ ಪಾಷಾ ಜೀಪಿನ ಬಾಗಿಲು ತೆಗೆದು ನಿಂತಿದ್ದ. ರಂಜಾನ್ ತಿಂಗಳು, ಅವನಿಗೆ ರೋಜಾ. ಹಾಗಾಗಿ ಆ ದಿನ ಹೊಟ್ಟೆ ಖಾಲಿ ಇದ್ದದ್ದು ಇಬ್ಬರಿಗೂ, ಪುಣ್ಯ ಮಾತ್ರ ಒಬ್ಬನಿಗೆ.

ವೈದ್ಯನಾಥಪುರದ ಮನೆಯ ಮುಂದೆ ಊರೇ ನೆರೆದಿತ್ತು. ನಾಗಮಣಿ ಅಡುಗೆಮನೆಯ ಹೊಸ್ತಿಲಲ್ಲಿ ಒಬ್ಬಳೇ ಕೂತಿದ್ದಳು. ಸತ್ತ ಮನೆಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಅಳುವುದು ರೂಢಿ. ಇವಳ ಹತ್ತಿರ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಪಂಚರ ಎದುರು ಪಂಚನಾಮೆ ಶುರುವಾಯಿತು. ಉಳಿದಿದ್ದ ಒಬ್ಬಟ್ಟು, ಸಾರು, ಬೆಲ್ಲದ ಡಬ್ಬಿ, ಅಟ್ಟದ ಮೇಲಿದ್ದ ಇಲಿ ಪಾಷಾಣ. ಪಾಷಾಣದ ಪೊಟ್ಟಣ ಒಡೆದಿತ್ತು. ಜನ ಬಾಗಿಲಲ್ಲೇ "ನೋಡುದ್ರಾ!" ಎಂದರು.

"ಯಾವಾಗ ಒಡೆದಿದ್ದು ಇದು?"

"ಸಂಕ್ರಾಂತೀಲಿ ಇಲಿ ಕಾಟ ಇತ್ತು ಮೇಡಂ."

"ನಿಮ್ಮ ಯಜಮಾನ್ರು ಎಲ್ಲಿಗೆ ಹೋಗಿದ್ರು?"

"ಒಸಪೇಟೆ ಕಡೆ ಡ್ಯೂಟಿ ಆಕವ್ರೆ, ಎರಡು ವಾರ ಅಂದಿದ್ರು. ಬಂದಾಗ ಗುರುತೇ ಸಿಗ್ಲಿಲ್ಲ. ಆಟೇಲು ಊಟ ಒಗ್ಗಿಲ್ಲ ಅಂದ್ರು. ಅದ್ಕೇ ನಾನು… ಬೇಡ ಬೇಡ ಅಂದ್ರೂ ಇಕ್ದೆ. ಎರಡು ಮುದ್ದೆ ಉಂಡ್ರು, ಅನ್ನ ಉಂಡ್ರು, ಒಬ್ಬಟ್ಟು ತಿಂದ್ರು. ಕಣ್ಣಲ್ಲಿ ನೀರಾಕ್ಕಂಡು ತಿಂದ್ರು."

"ನೀವೂ ಅದನ್ನೇ ಉಂಡ್ರಾ?"

"ಊ. ನಂಗೇನೂ ಆಗ್ಲಿಲ್ಲ. ಅದ್ಕೇ ಎಲ್ರೂ ಇಂಗ್ ನೋಡ್ತಾವ್ರೆ."

"ಜೊತೇಲಿ ಇನ್ಯಾರಾದ್ರೂ ಉಂಡ್ರಾ?"

"ಇವ್ರನ್ನ ಕಾರಲ್ಲಿ ಬುಡಕ್ಕೆ ಒಬ್ರು ಬಂದಿದ್ರು. ಬೆಳ್ಳಗೆ ಪಂಚೆ ಉಟ್ಟಿದ್ರು, ಆಫೀಸಿನೋರು ಅಂದ್ರು ಇವ್ರು. ಊಟಕ್ಕೆ ಏಳಿ ಅಂದ್ರೆ, ಗಂಜಿ ತಿಳಿ ಇದ್ರೆ ಒಂದು ಲೋಟ ಕೊಡವ್ವ, ಉಪ್ಪಾಕಿ, ಅಂದ್ರು. ಒಬ್ಬಟ್ಟು ಮಾಡಿರೋ ಮನೇಲಿ ಗಂಜಿ ಕೇಳೋ ನೆಂಟನ್ನ ನಾ ನೋಡೇ ಇರ್ಲಿಲ್ಲ. ಒಸಿ ಬೇಜಾರೂ ಆಯ್ತು."

ಅರುಂಧತಿ ಅದನ್ನು ಬರೆಸಿಕೊಂಡಳು. ಬರೆಸಿಕೊಂಡ ಮೇಲೂ ಅದು ತಲೆಯಿಂದ ಇಳಿಯಲಿಲ್ಲ, ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಕಾಡಿತು.

ಸೋಮವಾರ ಮಂಡ್ಯದಲ್ಲಿ ಮರಣೋತ್ತರ ಪರೀಕ್ಷೆ ಮುಗಿಸಿದ ವೈದ್ಯರು ಕೈ ಒರೆಸಿಕೊಳ್ಳುತ್ತಲೇ ಮಾತಾಡಿದರು.

"ವಿಷದ ಗುರುತು ಕಾಣಲಿಲ್ಲ. ಲ್ಯಾಬಿಗೆ ಕಳಿಸಿದ್ದೀನಿ. ಆದ್ರೆ ದಾಖಲಾದಾಗ ಜೀವ ಇತ್ತಲ್ಲ, ಆಗ ತೆಗೆದ ರಕ್ತದ ವರದಿ ನೋಡಿ. ಫಾಸ್ಫರಸ್, ಪೊಟ್ಯಾಷಿಯಂ ಎಲ್ಲ ತಳ ಕಂಡಿದೆ. ಈ ಮನುಷ್ಯ ಎಷ್ಟು ದಿನ ಉಪವಾಸ ಇದ್ದ?"

"ಉಪವಾಸ ಯಾಕೆ ಸರ್? ಶುಕ್ರವಾರ ಸಂಜೆ ಹೊಟ್ಟೆ ತುಂಬ ಉಂಡಿದ್ದಾನೆ."

"ಉಂಡಿದ್ದಕ್ಕೇ ಹೋಗಿದ್ದು ಅನ್ಸುತ್ತೆ. ಬಹಳ ದಿನ ಏನೂ ಬೀಳದಿದ್ರೆ ದೇಹ ತನ್ನಲ್ಲಿರೋ ಉಪ್ಪುಗಳನ್ನ ಹಿಂಡಿಕೊಂಡು ಬದುಕಿರುತ್ತೆ. ಆಗ ಒಂದೇ ಸಲ ಅನ್ನ, ಸಿಹಿ ಬಿದ್ರೆ ರಕ್ತದಲ್ಲಿರೋ ಚೂರುಪಾರೂ ಜೀವಕೋಶದೊಳಗೆ ನುಗ್ಗಿಬಿಡುತ್ತೆ. ಹೃದಯ ಲಯ ತಪ್ಪುತ್ತೆ."

"ಹಂಗಾದ್ರೆ ಉಪವಾಸಾನೇ ಮಾಡಬಾರದಾ?"

"ಯಾರು ಹೇಳಿದ್ದು? ಗಟ್ಟಿಮುಟ್ಟಾದೋರು ಒಪ್ಪತ್ತು ಬಿಡಲಿ, ಒಂದು ದಿನ ಬರೀ ನೀರಲ್ಲಿರಲಿ. ತೂಕ, ಬಿಪಿ, ಸಕ್ಕರೆ ಇಳಿಯೋದೂ ಉಂಟು. ವಾರಗಟ್ಟಲೆ ಇರೋದಾದ್ರೆ ಡಾಕ್ಟರ ಕಣ್ಣೆದುರು ಇರಬೇಕು. ಇವನು ಸಕ್ಕರೆ ಕಾಯಿಲೆಯೋನು. ಕಿಡ್ನಿ ನೋಡಿದ್ರೆ ನೀರನ್ನೂ ಬಿಟ್ಟಿದ್ದ ಹಾಗಿದೆ. ಅದು ಶುದ್ಧ ಹುಚ್ಚಾಟ."

ಕರೆಂಟ್ ಆಫೀಸಿನಲ್ಲಿ ವಿಚಾರಿಸಿದರೆ ಹೊಸಪೇಟೆಯೂ ಇಲ್ಲ, ಡ್ಯೂಟಿಯೂ ಇಲ್ಲ. ರಘುನಂದನ್ ಎರಡು ವಾರ ರಜೆ ಹಾಕಿದ್ದ. ಸಂಗತಿ ತಿಳಿದ ಯಶೋದಮ್ಮ ಇನ್ನೂ ಜೋರಾದಳು: "ನಾ ಏಳ್ಲಿಲ್ವಾ? ಎಲ್ಲೋ ಕೂಡಾಕಿ ಉಪಾಸ ಕೆಡವಿ ಕೊಂದವ್ಳೆ!" ಮೇಲಧಿಕಾರಿಗಳ ಫೋನೂ ಬಂತು. ಊರವರು ರಸ್ತೆ ತಡೆ ಮಾಡುತ್ತಾರಂತೆ, ಹೆಂಡತಿಯನ್ನು ಬುಧವಾರದೊಳಗೆ ಬಂಧಿಸಿ, ಆಮೇಲೆ ಮಿಕ್ಕಿದ್ದು. ಅರುಂಧತಿಗೆ ಮೈಯೆಲ್ಲ ಉರಿಯಿತು. ಗಂಡನಿಗೆ ಎರಡು ಮುದ್ದೆ ಇಕ್ಕಿದ ತಪ್ಪಿಗೆ ಒಬ್ಬಳು ಜೈಲಿಗೆ ಹೋಗುವುದು ಅವಳಿಗೆ ಸಹಿಸಲಾಗದ ಮಾತು. ಆದರೆ ಕೈಯಲ್ಲಿ ಬೇರೆ ಹೆಸರೂ ಇರಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡಿದ್ದೇ ಬಂತು.

ಸಂಜೆ ಹೊತ್ತು ಮುಳುಗಿತು. ನಯಾಜ್ ಪಾಷಾ ಠಾಣೆಯ ಹಿಂದಿನ ಜಗಲಿಯಲ್ಲಿ ಕೂತು ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಮಸೀದಿಯಿಂದ ಬಂದ ಡಬ್ಬಿ ತೆರೆದ. ಓಡಾಡುತ್ತಿದ್ದ ಅರುಂಧತಿ ನಿಂತಳು.

"ಏನ್ರೀ ಅದು?"

"ಗಂಜಿ ಮೇಡಂ. ತಗೋತೀರಾ ಒಂದು ಲೋಟ?"

"ದಿನವೆಲ್ಲ ಹಸ್ಕೊಂಡು ಗಂಜಿ ಯಾಕ್ರೀ? ಗಟ್ಟಿಯಾಗಿ ಏನಾದ್ರೂ ತಿನ್ನಬಾರದಾ?"

"ಒಣಗಿದ್ ಹೊಟ್ಟೆ ಅಲ್ವಾ ಮೇಡಂ. ಮೊದ್ಲು ಇದು. ಮಿಕ್ಕಿದ್ದು ಆಮ್ಯಾಕೆ."

ಅರುಂಧತಿ ಗಂಜಿಯನ್ನೇ ನೋಡಿದಳು. "ಅಯ್ಯೋ ನನ್ನ ತಲೆಗಿಷ್ಟು! ಆ ನೆಂಟ ಕಣ್ರೀ! ಒಬ್ಬಟ್ಟು ಬಿಟ್ಟು ಗಂಜಿ ಕೇಳಿದ್ನಲ್ಲ, ಅವನೂ ಉಪವಾಸ ಬಿಡ್ತಾ ಇದ್ದ. ಹೆಂಗೆ ಬಿಡಬೇಕು ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದುರಿಗಿರೋನು ಮುದ್ದೆ ನುಂಗೋದನ್ನ ನೋಡ್ಕೊಂಡು ಕೂತಿದ್ದ!"

ನಯಾಜ್ ಲೋಟ ಕೆಳಗಿಟ್ಟ. "ಬಡ್ಡೀಮಗ," ಎಂದವನು, ರೋಜಾ ತಿಂಗಳು ನೆನಪಾಗಿ ಕೆನ್ನೆ ಬಡಿದುಕೊಂಡ.

ಆಮೇಲಿನದು ಸಲೀಸಾಯಿತು. ರಘುನಂದನ್‌ನ ಫೋನಿನಿಂದ ಶನಿವಾರ ರಾತ್ರಿ ಒಂದೇ ನಂಬರಿಗೆ ಎರಡು ಕರೆ ಹೋಗಿದ್ದವು. ನಂಬರು ಮಳವಳ್ಳಿ ತಾಲ್ಲೂಕಿನ ಪುಟ್ಟಸ್ವಾಮಿಯದು. ಶಿವನಸಮುದ್ರದ ದಾರಿಯಲ್ಲಿ ಅವನ ತೋಟ. ಅಲ್ಲಿ ಉಪವಾಸ ಶಿಬಿರ. ಮಾತ್ರೆ ಇಲ್ಲ, ಡಾಕ್ಟರಿಲ್ಲ, ಮೊದಲು ಬರೀ ನೀರು, ಕೊನೆಗೆ ನೀರೂ ಇಲ್ಲ. ನಾಗಮಣಿಗೆ ಫೋಟೋ ತೋರಿಸಿದರೆ "ಇವ್ರೇ, ಗಂಜಿಯೋರು" ಎಂದಳು.

ಆದರೆ ಕಾನೂನಿಗೆ ಗಂಜಿ ಸಾಲದು. ಅಪಾಯ ಅವನಿಗೆ ಗೊತ್ತಿತ್ತೆಂದು ಸಾಬೀತಾಗಬೇಕು. ಮಂಗಳವಾರ ಬೆಳಿಗ್ಗೆ ಜೀಪು ಹೊರಟಾಗ ಅರುಂಧತಿ ಮದ್ದೂರು ಪೇಟೆಯಲ್ಲಿ ವಡೆ, ಚಿತ್ರಾನ್ನ ಕಟ್ಟಿಸಿದಳು. ಹಿಂದೆಯೇ ಒಂದು ಆಂಬುಲೆನ್ಸ್, ಅದರಲ್ಲಿ ಒಬ್ಬ ವೈದ್ಯ.

"ಇವ್ರು ನೀರೂ ಕುಡಿಯಲ್ವಂತಲ್ಲ ಮೇಡಂ," ಎಂದ ನಯಾಜ್. "ನಾವೂ ಮುಟ್ಟಲ್ಲ. ಆದ್ರೆ ಹೊತ್ತು ಮುಳುಗಿದ್ರೆ ಕುಡೀತೀವಿ. ಕಾಯಿಲೆಯೋರಿಗೆ ಮಾಫಿ ಅದೆ. ದೇವ್ರಿಗಿರೋ ಕನಿಕರ ಇವನಿಗಿಲ್ವಲ್ಲ."

ಪುಟ್ಟಸ್ವಾಮಿಗೆ ಐವತ್ತೈದರ ಆಸುಪಾಸು. ಸಣಕಲು ಮೈ, ಬಿಳಿ ಪಂಚೆ, ಮೆತ್ತನೆ ಮಾತು. ಎಡಗಾಲಿನಲ್ಲಿ ಎರಡು ಬೆರಳಿರಲಿಲ್ಲ. ಜಗಲಿಯ ಮಂಚಗಳ ಮೇಲೆ ನಾಲ್ಕು ಮಂದಿ ಮಲಗಿದ್ದರು. ಹತ್ತಿರದ ಮಂಚದಲ್ಲಿ ಕೊಕ್ಕರೆ ಬೆಳ್ಳೂರಿನ ಮಾಯಮ್ಮ. ಆಕೆಯ ತುಟಿ ಸೀಳಿತ್ತು.

"ರಘುನಂದನ್ ಇಲ್ಲಿದ್ರಾ?"

"ಇದ್ರು. ಅವರೇ ಒಪ್ಪಿ ಮಾಡಿದ್ದು. ಎರಡು ವಾರ, ಕೊನೇ ಮೂರು ದಿನ ನಿರ್ಜಲ. ಸಕ್ಕರೆ ಇಳಿದಿತ್ತು ಮೇಡಂ."

"ನೀವೇ ಮನೆಗೆ ಬಿಟ್ರಿ."

"ಬಸ್ಸಲ್ಲಿ ಓಗೋ ಸಕ್ತಿ ಇರ್ಲಿಲ್ಲ."

"ಅವರು ಏನು ತಿಂದ್ರು ನೋಡಿದ್ರಾ?"

"ನೋಡ್ದೆ."

"ಬೇಡ ಅನ್ಲಿಲ್ಲ."

"ದಾರೀಲಿ ಹಗುರ ತಿನ್ನಿ ಅಂದಿದ್ದೆ."

"ಹಗುರ ಅಂದ್ರೆ ಮಂಡ್ಯದೋರಿಗೆ ಎರಡು ಮುದ್ದೆ ಕಣ್ರೀ! ಎದುರಿಗೇ ಕೂತಿದ್ರಲ್ಲ, ಆಗ ಯಾಕೆ ಸುಮ್ಮನಿದ್ರಿ?"

"ಯಾಕನ್ಬೇಕು? ಅನ್ನ ತಿಂದು ಯಾರಾದ್ರೂ ಸಾಯ್ತಾರಾ ಮೇಡಂ?"

"ನೀವು ಗಂಜಿ ಕೇಳಿದ್ಯಾಕೆ?"

"ನಂಗೆ ಒಟ್ಟೆ ಸರಿ ಇರ್ಲಿಲ್ಲ."

ಅರುಂಧತಿ ತಲೆಯಾಡಿಸಿದಳು. "ಸರಿ ಬಿಡಿ. ಅನ್ನ ತಿಂದು ಯಾರೂ ಸಾಯಲ್ಲ. ನಯಾಜ್, ಪಾಪ ಇವರೆಲ್ಲ ಹಸಿದಿದ್ದಾರೆ. ಆ ಪೊಟ್ಟಣ ಕೊಡಿ."

ನಯಾಜ್ ಮಾಯಮ್ಮನ ಮಂಚದ ಪಕ್ಕ ಕೂತು ಪೊಟ್ಟಣ ಬಿಚ್ಚಿದ. ಈರುಳ್ಳಿ ವಡೆಯ ಘಮ ಜಗಲಿಗೆಲ್ಲ ಹರಡಿತು. ಮಾಯಮ್ಮನ ಕಣ್ಣು ತೆರೆಯಿತು. ಕೈ ಮೆಲ್ಲಗೆ ಎದ್ದು ವಡೆಯನ್ನು ಹಿಡಿಯಿತು. ಪುಟ್ಟಸ್ವಾಮಿ ನೆಲ ನೋಡಿದ, ಗೋಡೆ ನೋಡಿದ. ವಡೆ ತುಟಿಯ ಹತ್ತಿರ ಹೋಯಿತು.

"ಮಾಯಮ್ಮೋ! ಬಾಯಿಗಿಕ್ಬ್ಯಾಡ! ಸತ್ತೋಯ್ತೀಯ ಕಣವ್ವೋ!" ಪುಟ್ಟಸ್ವಾಮಿ ಕೂಗಿಬಿಟ್ಟ.

ನಯಾಜ್‌ನ ಕೈ ಆಗಲೇ ಮಾಯಮ್ಮನ ಮಣಿಕಟ್ಟಿನ ಮೇಲಿತ್ತು. ಅವನು ವಡೆಯನ್ನು ಮೆಲ್ಲಗೆ ಬಿಡಿಸಿಕೊಂಡ. ಆಂಬುಲೆನ್ಸಿನ ವೈದ್ಯ ಒಳಗೆ ಓಡಿಬಂದ. ಇಂಥ ಆಟ ಇನ್ನೊಮ್ಮೆ ಆಡಬಾರದೆಂದು ಅರುಂಧತಿಗೆ ಅಲ್ಲೇ ಅನ್ನಿಸಿತು.

"ಈಗ ಹೇಳಿ ಪುಟ್ಟಸ್ವಾಮಿ. ಯಾಕೆ ಸಾಯ್ತಾರೆ?"

ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತ. ಕೂತವನು ಎಲ್ಲ ಹೇಳಿದ. ಹೋದ ವರ್ಷ ಒಬ್ಬರು ಶಿಬಿರ ಮುಗಿಸಿ ಲಾಡು ತಿಂದು ಹೀಗೇ ಊದಿಕೊಂಡು, ಮೈಸೂರಿನ ಆಸ್ಪತ್ರೆಯಲ್ಲಿ ಬದುಕಿ ಉಳಿದಿದ್ದರು. ಡಾಕ್ಟರು ಇವನನ್ನು ಕರೆದು ಉಗಿದು ಬುದ್ಧಿ ಹೇಳಿದ್ದರು. ಅಂದಿನಿಂದ ಇವನು ತಾನು ಗಂಜಿಯಲ್ಲೇ ಉಪವಾಸ ಬಿಡುತ್ತಿದ್ದ. ಶನಿವಾರ ರಾತ್ರಿ ರಘುನಂದನ್ ಫೋನಿನಲ್ಲಿ ಅತ್ತಾಗ "ವಿಸ ಈಚೆಗೆ ಬತ್ತಾ ಅದೆ, ತಡ್ಕಳಿ" ಎಂದಿದ್ದ.

ಬಂಧನದ ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಕೊಲೆಯ ಕಲಂ ತೆಗೆದು, ಕೊಲೆಯಲ್ಲದ ಮಾನವ ಹತ್ಯೆ ಎಂದು ಬದಲಾಯಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಹೇಳಿಕೆಯ ಕೊನೆಗೆ ಅರುಂಧತಿ ಒಂದೇ ಪ್ರಶ್ನೆ ಕೇಳಿದಳು, ಅಲ್ಲೇ ಒಂದು ಮಾತು ಅನ್ನಬಹುದಿತ್ತಲ್ಲ ಎಂದು.

ಸಕ್ಕರೆ ಕಾಯಿಲೆಗೆ ಎರಡು ಬೆರಳು ಕಳೆದುಕೊಂಡವನು ಪುಟ್ಟಸ್ವಾಮಿ. ಪಾದವನ್ನೂ ತೆಗೆಯಬೇಕೆಂದಿದ್ದರಂತೆ. ಉಪವಾಸದಿಂದ ಕಾಲು ಉಳಿಯಿತು ಎಂಬುದು ಅವನ ನಂಬಿಕೆ. ಹೇಳಿದರೆ ನಕ್ಕವರೇ ಎಲ್ಲ. ಆ ಭಾನುವಾರ ಮಳವಳ್ಳಿಯಲ್ಲಿ ಸಭೆ ಇತ್ತು. ನನ್ನ ಸಕ್ಕರೆ ಇಳಿಯಿತು, ಮಾತ್ರೆ ಬಿಟ್ಟೆ ಎಂದು ರಘುನಂದನ್ ನಾಲ್ಕು ಜನರೆದುರು ಹೇಳುವವನಿದ್ದ. "ಆ ತಾಯಿ ಮುಂದೆ, ಅನ್ನ ತಿಂದ್ರೆ ನಿನ್ ಗಂಡ ಸಾಯ್ತಾನೆ ಅಂದ್ರೆ, ನನ್ನ ಉಪಾಸವೇ ಸುಳ್ಳು ಅಂತ ನಾನೇ ಒಪ್ಕಂಡಂಗಲ್ವಾ ಮೇಡಂ? ನಾಲ್ಗೆ ಏಳ್ಲಿಲ್ಲ." ಅಷ್ಟೇ ಅವನ ಉತ್ತರ. ದುಡ್ಡಿನ ಆಸೆಯೂ ಅಲ್ಲ, ಹಗೆಯೂ ಅಲ್ಲ.

ಬುಧವಾರ ಮಧ್ಯಾಹ್ನ ಅರುಂಧತಿ ವೈದ್ಯನಾಥಪುರಕ್ಕೆ ಹೋದಳು. ನಾಗಮಣಿ ಅದೇ ಹೊಸ್ತಿಲಲ್ಲಿದ್ದಳು. ಯಶೋದಮ್ಮ ಬಾಗಿಲಾಚೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತು ಎಲ್ಲ ಕೇಳಿಸಿಕೊಂಡಳು. ಒಲೆ ಭಾನುವಾರದಿಂದ ಉರಿದಿರಲಿಲ್ಲ.

"ಅಂಗಾದ್ರೆ ನಾ ಇಕ್ಕಿದ್ದೇ ಅಲ್ವಾ ಮೇಡಂ ಅವ್ರನ್ನ ಕೊಂದಿದ್ದು?" ಎಂದಳು ನಾಗಮಣಿ.

ಅಲ್ಲ ಎಂದರೆ ವರದಿ ಸುಳ್ಳಾಗುತ್ತದೆ, ಹೌದು ಎಂದರೆ ಹೆಂಗಸು ಉಳಿಯುವುದಿಲ್ಲ. "ನಿಮಗೆ ಯಾರೂ ಹೇಳ್ಲಿಲ್ಲವಲ್ಲಮ್ಮ," ಎಂದಷ್ಟೇ ಅಂದಳು ಅರುಂಧತಿ.

ನಾಗಮಣಿ ತನ್ನ ಅಂಗೈ ನೋಡಿಕೊಂಡಳು. "ಇನ್ನು ಈ ಕೈಯಾಗೆ ಯಾರ್ಗೂ ಏನೂ ಇಕ್ಕಲ್ಲ."

ಹೊರಗಿದ್ದ ಜನ ಬಾಗಿಲಿಗೆ ಒತ್ತರಿಸಿದರು. ಯಶೋದಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಊರೆಲ್ಲ ನೋಡುತ್ತಿರುವಂತೆ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕೆಳಗೆ ಬೋರಲು ಹಾಕಿದ್ದ ತಟ್ಟೆ ಎಳೆದು ತನ್ನ ಮುಂದಿಟ್ಟುಕೊಂಡಳು.

"ಒಟ್ಟೆ ಅಸೀತದೆ ಕಣೇ ನಾಗಿ," ಎಂದಳು. "ಒಂದು ಮುದ್ದೆ ತಿರ್ವಿ ಇಕ್ಕು."

ನಾಗಮಣಿ ಎದ್ದು ಕೈ ತೊಳೆದುಕೊಂಡು, ಒಲೆ ಹಚ್ಚಿ ಎಸರಿಟ್ಟಳು.