ಪರದೆಯ ಮೇಲೆ ಮೂಡಿದ ಮಾತು

"ಸಂಜೆಯೊಳಗೆ ನನ್ ಹೆಂಡ್ತೀನ ಮನೆಯಿಂದ ಆಚೆ ಹಾಕ್ತಾರೆ ಮೇಡಂ. ನೀವು ಬರಲೇಬೇಕು," ಎಂದು ಹುತ್ತೂರಿನ ಅರುಣ್‌ಕುಮಾರ್ ಅಂಗಲಾಚಿದ. ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿ ಕೋಲಾರದಲ್ಲಿ ನೆಲೆಸಿದ್ದ ಮುತ್ಯಾಲಮ್ಮನವರನ್ನು ಜನ ಇನ್ನೂ ಬಿಟ್ಟಿರಲಿಲ್ಲ. ಅವರ ಜೀಪು ಓಡಿಸುತ್ತಿದ್ದ ಕದಿರೇಶನೂ ಬಿಟ್ಟಿರಲಿಲ್ಲ. ಮಾತು ಮುಗಿಯುವ ಮೊದಲೇ ಅವನು ಕಾರಿನ ಕೀಲಿ ಎತ್ತಿಕೊಂಡ.

ದಾರಿಯಲ್ಲಿ ಅರುಣ್ ನಡೆದದ್ದನ್ನು ಹೇಳಿದ. ಹಿಂದಿನ ದಿನ ತಂಗಿ ಚಂದನಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹಾಲ್‌ನ ದೊಡ್ಡ ಟಿವಿಗೆ ಕಂಪ್ಯೂಟರ್ ಜೋಡಿಸಿ ಮನೆಯವರ ಫೋಟೊಗಳನ್ನು ಹಾಕಿದ್ದರು. ಅದಕ್ಕೊಂದು ವೈರ್ ಇಲ್ಲದ ಕೀಬೋರ್ಡ್. ಮೌಸ್ ಬದಲು ಬೆರಳಾಡಿಸುವ ಟಚ್‌ಪ್ಯಾಡ್ ಅದರಲ್ಲೇ ಇತ್ತು. ಮಾತುಕತೆ ಕೂಡಿಬರುವಷ್ಟರಲ್ಲಿ ಫೋಟೊ ಮಾಯವಾಗಿ, ಬಾಣದ ಗುರುತು ಅತ್ತಿತ್ತ ಅಲೆದು, ಅಕ್ಷರಗಳು ಮೂಡಿದವು: 'ಹುಡುಗಿಗೆ ಫಿಟ್ಸ್ ಇದೆ. ಮುಚ್ಚಿಟ್ಟಿದ್ದಾರೆ.' ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದುಹೋದರು. ಹುಡುಕಿದಾಗ ಕೀಬೋರ್ಡ್ ಸಿಕ್ಕಿದ್ದು ಅರುಣ್‌ನ ಹೆಂಡತಿ ಗಂಗಾಲಕ್ಷ್ಮಿಯ ದಿಂಬಿನ ಕೆಳಗೆ.

"ಫಿಟ್ಸ್ ನಿಜವೇ?" ಎಂದು ಮುತ್ಯಾಲಮ್ಮ ಕೇಳಿದರು.

"ಚಿಕ್ಕೋಳಿದ್ದಾಗ ಜ್ವರ ಏರಿ ಒಂದ್ಸಲ ಬಂದಿತ್ತು. ಮನೆಯೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಮನೆಯೊಳಗೆ ಕಾಲಿಟ್ಟರೆ ಬೈಗುಳದ ಮಳೆ. ಅತ್ತೆ ಅನಸೂಯಮ್ಮ ಸೊಸೆಯ ಮುಖಕ್ಕೇ ಕೂಗುತ್ತಿದ್ದರು: "ನನ್ ಮಗಳ ಬಾಳಿಗೆ ಬೆಂಕಿ ಇಟ್ಯಲ್ಲೇ!" ಅವರ ತಮ್ಮ, ಮಾಲೂರಿನಲ್ಲಿ ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದ ಮುರಳಿಮೋಹನ್, "ಮೊದ್ಲು ಇವಳನ್ನ ನಂಗಲಿ ಬಸ್ ಹತ್ಸು ಅಕ್ಕಾ," ಎನ್ನುತ್ತಿದ್ದ. ನಂಗಲಿ ಅವಳ ತವರು.

ಗಂಗಾಲಕ್ಷ್ಮಿ ಅಳಲಿಲ್ಲ. "ಹೂಂ, ಇವರ ಮೇಲೆ ನಂಗೆ ಸಿಟ್ಟಿದೆ. ಆದ್ರೆ ಇದನ್ನ ನಾನ್ ಮಾಡಿಲ್ಲ. ಟಿವೀಲಿ ಅದು ಬಂದಾಗ ಸೀರೆ ಬದಲಾಯಿಸೋಕೆ ರೂಮಿಗೆ ಹೋಗಿದ್ದೆ, ಅಷ್ಟೆ." ಆ ಬಿರುಸು ನೋಡಿ ಇವಳೇ ಮಾಡಿರಬೇಕು ಎಂದು ಕದಿರೇಶನಿಗೆ ಅನ್ನಿಸಿತು.

ಮುತ್ಯಾಲಮ್ಮ ಕೀಬೋರ್ಡನ್ನು ಬೆಳಕಿಗೆ ಹಿಡಿದರು. ಕೀಲಿಗಳ ಸಂದಿಯಲ್ಲಿ ಒಂದೆಳೆ ಜರಿ ಸಿಕ್ಕಿಕೊಂಡಿತ್ತು. ಆಮೇಲೆ ಅರುಣ್‌ನ ಮೊಬೈಲ್‌ನಲ್ಲಿದ್ದ ನಿನ್ನೆಯ ಫೋಟೊ ನೋಡಿದರು. ಗಂಡಿನ ಕಡೆಯವರು ಸೋದರಮಾವನಿಗೆ ಹೊದಿಸಿದ ಜರಿ ಶಾಲು ಮುರಳಿಮೋಹನನ ತೊಡೆಯ ಮೇಲೆ ಹರಡಿತ್ತು. ಬೇರೆ ಯಾರ ಮೈಮೇಲೂ ಜರಿಯಿರಲಿಲ್ಲ. ಹೆಂಗಸರೆಲ್ಲ ಸಾದಾ ಸೀರೆ ಉಟ್ಟಿದ್ದರು.

"ಕದಿರೇಶ, ನೀನು ಟಿವಿ ಮುಂದೆ ನಿಲ್ಲು," ಎಂದು ಅವರು ಗಂಗಾಲಕ್ಷ್ಮಿಯ ಕೋಣೆಗೆ ನಡೆದರು. ಅದು ಹಿತ್ತಲ ಕಡೆ, ರೇಷ್ಮೆ ಸಾಕುವ ಹುಳುಮನೆಯ ದಪ್ಪ ಕಲ್ಲುಗೋಡೆಯಾಚೆ ಇತ್ತು.

"ಏನೂ ಬರ್ತಿಲ್ಲ ಮೇಡಂ!" ಎಂದು ಕದಿರೇಶ ಕೂಗಿದ.

ಅವರು ಕೀಲಿಗಳನ್ನು ಒತ್ತುತ್ತಲೇ ಹಿಂದಿರುಗಿದರು. ಹಾಲ್‌ನ ಹೊಸಿಲು ದಾಟಿದ ಮೇಲಷ್ಟೇ ಪರದೆಯ ತುಂಬ ಅಕ್ಷರ ಸುರಿಯಿತು. ಕದಿರೇಶನಿಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

ಎಲ್ಲರನ್ನೂ ಕೂರಿಸಿ ಮುತ್ಯಾಲಮ್ಮ ಮಾತಾಡಿದರು.

"ಆ ಕೋಣೆಯಿಂದ ಇದು ಕೆಲಸ ಮಾಡಲ್ಲ. ಅಂದ್ಮೇಲೆ ಬರೆದೋರು ಈ ಹಾಲ್‌ನಲ್ಲೇ, ನಿಮ್ಮ ಮಧ್ಯೆಯೇ ಕೂತಿದ್ರು. ಯಾರಿಗೂ ಕಾಣ್ಲಿಲ್ಲ ಅಂದ್ರೆ ಕೀಬೋರ್ಡ್ ಮೇಲೆ ಏನೋ ಹೊದಿಸಿತ್ತು. ಬಾಣ ಅಲೆದಾಡಿದ್ದು ಯಾಕೆ? ಟಚ್‌ಪ್ಯಾಡ್ ಮೇಲೆ ಬೆರಳು ತಡಕಾಡ್ತಿತ್ತು. ಅಕ್ಷರ ಮಾತ್ರ ಒಂದೂ ತಪ್ಪಿಲ್ಲ. ಕೀಲಿ ನೋಡದೆ ಹಾಗೆ ಬರೆಯೋಕೆ ದಿನಾ ಟೈಪ್ ಮಾಡೋ ಕೈ ಬೇಕು. ಫಿಟ್ಸ್ ವಿಷಯ ಗೊತ್ತಿರೋ ಮನೆಯೋರೂ ಆಗಿರ್ಬೇಕು." ಜರಿಯ ಎಳೆಯನ್ನು ಎತ್ತಿ ಹಿಡಿದರು. "ಈ ಸೆಕೇಲಿ ತೊಡೆ ಮೇಲೆ ಶಾಲು ಯಾಕ್ರೀ ಮುರಳಿಮೋಹನ್? ಗಲಾಟೇಲಿ ಕೀಬೋರ್ಡನ್ನ ಅದರ ಕೆಳಗೇ ಒಯ್ದು ಇವಳ ದಿಂಬಿನಡಿ ಇಟ್ರಿ, ಅಲ್ವಾ?"

ಮುರಳಿಮೋಹನನ ಮುಖ ಕಪ್ಪಿಟ್ಟಿತು. ನಂತರ ಸಿಡಿದ: "ಹೂಂ, ನಾನೇ! ನನ್ ಮಗ ನರೇಶನಿಗೆ ಹೆಣ್ಣು ಕೇಳಿದ್ರೆ ನಾಯಿ ಅಟ್ಟಿದಂಗೆ ಅಟ್ಟಿದ್ಲು ಅಕ್ಕ. ಸಂಬಂಧ ಮುರಿದ್ರೆ ತಾನಾಗೇ ನನ್ ಬಾಗ್ಲಿಗೆ ಬರ್ತಾಳೆ ಅಂದ್ಕೊಂಡೆ."

ಚಂದನ ಎದ್ದು ಬಾಗಿಲು ತೆರೆದಳು. "ಹೋಗು ಮಾವ. ಆ ಮನೆಯೋರ ಹತ್ರ ನಾನೇ ಮಾತಾಡ್ತೀನಿ. ಒಪ್ಪದಿದ್ರೂ ನಿನ್ ಮನೆಗೆ ನಾನ್ ಬರಲ್ಲ."

ಅವನು ತಲೆತಗ್ಗಿಸಿ ಹೊರಟ. ಅನಸೂಯಮ್ಮ ತಡವರಿಸುತ್ತ ಸೊಸೆಯ ಕೈ ಹಿಡಿಯಲು ಹೋದರು. "ತಪ್ಪಾಯ್ತು ಕಣೇ. ಕಳ್ಳ ಸಿಕ್ದನಲ್ಲ, ಇನ್ನೇನು..."

ಗಂಗಾಲಕ್ಷ್ಮಿ ಕೈ ಹಿಂದಕ್ಕೆಳೆದುಕೊಂಡಳು. "ಸಿಕ್ದ ಅತ್ತೆ. ನನ್ನ ನಂಬದೋರು ಯಾರು ಅಂತಾನೂ ಗೊತ್ತಾಯ್ತು." ಗಂಡನ ಕಡೆ ತಿರುಗಿದಳು. "ನಾನ್ ನಂಗಲಿಗೆ ಹೊರಟೆ. ಬರ್ತೀರೋ, ಇಲ್ಲೇ ಇರ್ತೀರೋ?"

ಅರುಣ್ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ನಡೆದ. ಕದಿರೇಶ ಹೋಗಿ ಅವರಿಬ್ಬರಿಗೂ ಕಾರಿನ ಹಿಂದಿನ ಬಾಗಿಲು ತೆರೆದ.