ಎಂಜಿನ್ನಿನ ಸ್ವೆಟರು

ಮಾಮ ಮತ್ತೆ ಹಗ್ಗ ಎಳೆದ. ಎಂಜಿನ್ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಎಳೆದ. ಈ ಸಲ ಅದೂ ಇಲ್ಲ. ಅಷ್ಟು ಚಳಿಯಲ್ಲೂ ಅವನ ಹಣೆ ಬೆವರಿತ್ತು.

“ನನ್ನ ಕೈಲಾಗಲ್ಲಕ್ಕ,” ಎಂದು ಅಮ್ಮನಿಗೆ ಹೇಳಿ ನೆಲದ ಮೇಲೆಯೇ ಕುಕ್ಕರಿಸಿದ.

ಯೂನಿಫಾರ್ಮ್ ಹಾಕಿಕೊಂಡ ಕಡ್ಡಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ತೀರಾ ಸಣಕಲು ಎಂದು ಅಜ್ಜ ಇಟ್ಟ ಹೆಸರು ಅದು. ಈಗ ಸ್ಕೂಲಿನಲ್ಲೂ ಅದೇ ಗಟ್ಟಿಯಾಗಿತ್ತು. ಅಮ್ಮನದು ಹೂಗಿಡಗಳ ನರ್ಸರಿ. ತೊಟ್ಟಿಯ ನೀರನ್ನು ಗಿಡಗಳಿಗೆ ಹಾಯಿಸುವುದು ಪೆಟ್ರೋಲ್ ಹಾಕಿ ಓಡಿಸುವ ಈ ಪುಟ್ಟ ಎಂಜಿನ್. ಅಜ್ಜ ತೀರಿಕೊಂಡ ಮೇಲೆ ಇದು ಮೊದಲ ಚಳಿಗಾಲ. ವಾರದಿಂದ ದಿನಾ ಬೆಳಿಗ್ಗೆ ಅದರದು ಇದೇ ಹಟ.

ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಅಮ್ಮನಿಗೆ ಸಾಕುಸಾಕಾಗಿತ್ತು. “ಇದರ ಸೇವೆ ಮಾಡಿದ್ದು ಸಾಕು. ಸಂಜೆ ಗುಜರಿಗೆ ಹಾಕಿಬಿಡೋಣ,” ಎಂದಳು.

ಕಡ್ಡಿ ಬಾಗಿಲು ಬಿಟ್ಟು ಎಂಜಿನ್ನಿನ ಪಕ್ಕ ಬಂದು ನಿಂತಳು.

ಅಜ್ಜನ ಕಾಲದಲ್ಲಿ ಅದು ಕೈಕೊಟ್ಟದ್ದೇ ಇಲ್ಲ. ಅಜ್ಜ ಚೋಕ್ ಎಳೆದು, ಹಗ್ಗವನ್ನು ಎರಡು ಸಲ ಮೆತ್ತಗೆ, ಆಮೇಲೆ ಒಮ್ಮೆ ಜೋರಾಗಿ ಎಳೆಯುತ್ತಿದ್ದ. “ಏಳಪ್ಪಾ ದೊರೆ, ಬಿಸಿಲು ಬಂತು,” ಎನ್ನುತ್ತಿದ್ದ. ಬಿಸಿಲು ಎಲ್ಲಿ ಬಂದಿರುತ್ತಿತ್ತು? ದೊರೆ ಮಾತ್ರ ಕೆಮ್ಮುತ್ತಾ ಎದ್ದುಬಿಡುತ್ತಿದ್ದ. ಸಂಜೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅಜ್ಜ ತನ್ನ ಹಳೇ ಉಣ್ಣೆ ಸ್ವೆಟರನ್ನು ಅದಕ್ಕೆ ಹೊದಿಸಿ, ತೋಳುಗಳನ್ನು ಗಂಟು ಹಾಕುತ್ತಿದ್ದ. ಗಂಟಿನ ಮೇಲೆ ಬೆರಳಿಡುವುದು ಕಡ್ಡಿಯ ಕೆಲಸ. ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು!

ಮಾಮ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಒದ್ದೆ. ವೈರೂ ಒದ್ದೆ. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಶೀಟನ್ನು ಕೊಡವಿದರೆ ಒಳಮೈಯಿಂದ ಹನಿಗಳು ಉದುರಿದವು.

“ಇದನ್ನ ಯಾಕೆ ಹೊದಿಸಿದೆಯಕ್ಕ? ಒಳಗೇ ನೀರು ಕಟ್ಟಿದೆ ನೋಡು. ಅಪ್ಪನ ಸ್ವೆಟರಾದ್ರೆ ಗಾಳಿ ಆಡೋದು.”

ನೀನೇ ಹೊದಿಸಿದ್ದು ಅಂದುಕೊಂಡಿದ್ದೆ ಎಂದಳು ಅಮ್ಮ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಕಡ್ಡಿ ಸದ್ದಿಲ್ಲದೆ ಮನೆಯೊಳಗೆ ಹೋದಳು. ಸ್ವೆಟರು ಅವಳ ಕಪಾಟಿನಲ್ಲಿ, ಒಗೆದ ಬಟ್ಟೆಗಳ ಅಡಿಯಲ್ಲಿತ್ತು. ಮೊದಲು ಅದರಲ್ಲಿ ಅಜ್ಜನ ವಾಸನೆಯಿತ್ತು. ಶೆಡ್ಡಿನಲ್ಲಿದ್ದರೆ ಹಾಳಾಗುತ್ತದೆ ಎಂದು ಅವಳೇ ತಂದಿಟ್ಟು, ಎಂಜಿನ್ನಿಗೆ ಪ್ಲಾಸ್ಟಿಕ್ ಹೊದಿಸಿ ಬಂದಿದ್ದಳು. ದಿನಾ ಮಲಗುವ ಮೊದಲು ಅದನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. ಈಚೆಗೆ ಮಾತ್ರ ಎಷ್ಟು ಮೂಸಿದರೂ ಬರೀ ಸೋಪಿನ ವಾಸನೆ. ಈಗಲೂ ಮೂಸಿದಳು. ಅಜ್ಜ ಇರಲಿಲ್ಲ.

ಸ್ವೆಟರನ್ನು ಶೆಡ್ಡಿಗೆ ತಂದು ಅಮ್ಮನ ಮುಂದೆ ಹಿಡಿದಳು. “ನಾನೇ ತಗೊಂಡಿದ್ದೆ ಅಮ್ಮ. ಅಜ್ಜನ ವಾಸನೆ ಬರ್ತಿತ್ತು. ಈಗ ಹೋಗ್ಬಿಟ್ಟಿದೆ.”

ಅಮ್ಮ ಬೈಯಲಿಲ್ಲ. ಸ್ವೆಟರು ತೆಗೆದುಕೊಂಡು ತಾನೂ ಮೂಸಿ ನೋಡಿದಳು. ಕಡ್ಡಿಯ ತಲೆ ಸವರಿ, ಪ್ಲಗ್ ಒರೆಸಿ ಒಣಗಿಸು ಎಂದು ಮಾಮನಿಗೆ ಹೇಳಿದಳು.

ಪ್ಲಗ್ಗು, ವೈರು ಎರಡೂ ಒಣಗಿದ ಮೇಲೆ ಮಾಮ ಹಗ್ಗಕ್ಕೆ ಕೈ ಹಾಕಿದ.

“ಎರಡು ಸಲ ಮೆತ್ತಗೆ, ಮಾಮ,” ಎಂದಳು ಕಡ್ಡಿ. “ಆಮೇಲೆ ಜೋರು.”

ಮಾಮ ಹಾಗೇ ಎಳೆದ. ದೊರೆ ಕೆಮ್ಮಿದ, ಸೀನಿದ, ಎದ್ದೇ ಬಿಟ್ಟ. ಪೈಪಿನಲ್ಲಿ ನೀರು ನುಗ್ಗಿತು. ಅಮ್ಮ ಖಾಲಿ ಬಕೆಟ್ ಮಗುಚಿ ಅದರ ಮೇಲೆ ಕೂತುಬಿಟ್ಟಳು. ಆಮೇಲೆ ಗುಜರಿಯ ಮಾತೇ ಬರಲಿಲ್ಲ.

ಅಂದಿನಿಂದ ದಿನಾ ಸಂಜೆ ಎಂಜಿನ್ ತಣ್ಣಗಾದ ಮೇಲೆ ಕಡ್ಡಿಯೇ ಸ್ವೆಟರು ಹೊದಿಸಿ ತೋಳು ಕಟ್ಟುತ್ತಿದ್ದಳು. ಗಂಟಿನ ಮೇಲೆ ಅಮ್ಮ ಬೆರಳಿಡುತ್ತಿದ್ದಳು.

ಚಳಿ ಇನ್ನೂ ಜೋರಾದ ಒಂದು ಬೆಳಿಗ್ಗೆ ಗಂಟು ಬಿಚ್ಚುವಾಗ ಕಡ್ಡಿಯ ಕೈ ನಿಂತಿತು. ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡಳು. ಪೆಟ್ರೋಲು, ಆಯಿಲ್ಲು, ಹಳೇ ಉಣ್ಣೆ. ಅಜ್ಜ.

ಮತ್ತೊಮ್ಮೆ ಮೂಸಿದಳು. ಆಮೇಲೆ ಅದನ್ನು ಶೆಡ್ಡಿನ ಮೊಳೆಗೇ ನೇತುಹಾಕಿ, ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟಳು.