ಗೋಡೆಯೊಳಗಿನ ಅಳತೆ

"ಆ ದಾರ ಇತ್ತ ಕೊಡವ್ವಾ. ಹೊತ್ತು ಮುಳುಗೋದ್ರೊಳ್ಗೆ ಏಮಾವತಿ ಹೊಳೇಲಿ ಬಿಟ್ಬುಡ್ತೀನಿ," ಎಂದು ಗುಂಡಯ್ಯ ಕೈಯೊಡ್ಡಿದ. ಮಣ್ಣಿನ ಗೋಡೆ ಕಟ್ಟುವ ಆ ಮುದುಕನ ಕೈಗೆ ಇನ್ನೂ ಕೆಸರು ಮೆತ್ತಿತ್ತು.

ನಿಸರ್ಗ ನಕ್ಕಳು. ಆರ್ಕಿಟೆಕ್ಚರ್ ಓದಿ, ಹೊಳೆನರಸೀಪುರದಾಚೆ ಹೊಳೆದಂಡೆಯಲ್ಲಿ ತನಗಾಗಿ ಹಳೇ ಕ್ರಮದ ಮಣ್ಣಿನ ಮನೆ ಕಟ್ಟಿಸಲು ಮೈಸೂರಿನಿಂದ ಬಂದವಳು. ಬಾಗಿಲು ಮನೆಯೊಡತಿಗಿಂತ ಒಂದು ಗೇಣು ಎತ್ತರವಿರಬೇಕೆಂದು ಗುಂಡಯ್ಯ ಬೆಳಿಗ್ಗೆಯಷ್ಟೇ ಅವಳನ್ನು ನೆತ್ತಿಯಿಂದ ಹಿಮ್ಮಡಿವರೆಗೆ ನೂಲಿನಲ್ಲಿ ಅಳೆದಿದ್ದ.

"ಕೊಡದಿದ್ರೆ ಏನಾಗುತ್ತೆ ತಾತ?"

"ಅಳತೆ ದಾರ ಗ್ವಾಡೇಲಿ ಉಳುದ್ರೆ ಅಳತೆ ಕೊಟ್ಟೋರ್ನ ಮನೆ ಬುಡಕ್ಕಿಲ್ಲ. ಆಗದೋರು ಅಂಗೇ ಮಾಟ ಮಾಡೋರು. ತಮಾಸೆ ಅಲ್ಲ ಕಣವ್ವಾ."

"ಒಳ್ಳೇದೇ ಆಯ್ತು! ಇನ್ನು ಬಾಡಿಗೆ ಮನೆ ಹುಡುಕೋ ಕಾಟ ಇಲ್ಲ."

ದಾರವನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಬಾಗಿಲ ಪಕ್ಕದ ಹಸಿಗೋಡೆಗೆ ಒತ್ತಿಬಿಟ್ಟಳು. ಮಣ್ಣು ಗುಳುಂ ಎಂದು ನುಂಗಿತು. ಗುಂಡಯ್ಯ ಮೊಣಕೈವರೆಗೂ ಕೈ ತೂರಿಸಿ ತಡಕಾಡಿದ. ದಾರ ಸಿಗಲಿಲ್ಲ.

ಗೋಡೆ ಒಣಗತೊಡಗಿತು. ಕೊಳೆತ ಹುಲ್ಲು, ಬೆಲ್ಲದ ನೀರು, ಅಳಲೆಕಾಯಿ ಸೇರಿಸಿ ಕಲಸಿದ ಮಣ್ಣಿನ ಹುಳಿ ವಾಸನೆ ಎಷ್ಟು ಮಿಂದರೂ ನಿಸರ್ಗಳ ಮೈಯಿಂದ ಹೋಗಲಿಲ್ಲ. ಅಂಗೈ ಒರಟಾಯಿತು. ತುಟಿ ಒಡೆಯಿತು. ಎಂಟನೆಯ ದಿನ ಬೆಳಿಗ್ಗೆ, ಕೆಲಸ ನೋಡಿ ಹೊರಟವಳ ಕಾಲು ಹೊಸ್ತಿಲ ಬಳಿ ನಿಂತುಬಿಟ್ಟಿತು.

ಎತ್ತಿದಳು. ಏಳಲಿಲ್ಲ. ಹಿತ್ತಿಲ ಬಾಗಿಲಿಗೆ ಓಡಿದಳು. ಅಲ್ಲೂ ಅದೇ. ಕಿಟಕಿಯಾಚೆ ಚಾಚಿದ ಕೈ, ಕಾಣದ ಗೋಡೆಗೆ ಬಡಿದಂತೆ ಹಿಂದೆ ಬಂತು.

"ತಾತಾ! ಗೋಡೆ ಒಡೀರಿ!"

ಅಂಗಳದಲ್ಲಿ ಹೆಂಚು ಜೋಡಿಸುತ್ತಿದ್ದ ಗುಂಡಯ್ಯ ಹಾರೆ ಹಿಡಿದು ಒಳಗೆ ಬಂದ. ಒಂದೇ ಏಟು. ಅವಳ ಪಕ್ಕೆಲುಬು ಲಟಕ್ಕೆಂದಿತು. ಬಾಯಲ್ಲಿ ರಕ್ತ. ಹಾರೆ ಅವನ ಕೈಯಿಂದ ಜಾರಿತು.

"ಗ್ವಾಡೆ ಪೂರ್ತಿ ಒಣುಗ್ತಿದ್ದಂಗೆ ನಿನ್ನ ಉಸ್ರೂ ನಿಂತೋಯ್ತದೆ. ಅದುಕ್ಕೆ ಇನ್ನೊಬ್ರ ಅಳತೆ ಕೊಟ್ರೆ ನಿನ್ನ ಬುಡ್ತದೆ. ಯಾರ್ದು ಅಂತ ನಾ ಏಳಕ್ಕಿಲ್ಲ. ಕೇಳ್ಲೂಬ್ಯಾಡ."

ಹೊಸ್ತಿಲ ಮೇಲೆ ಒಂದೆಳೆ ನೂಲು, ಒಂದು ಹಿಡಿ ಹಸಿಮಣ್ಣು ಇಟ್ಟು, ತಿರುಗಿಯೂ ನೋಡದೆ ನಡೆದುಬಿಟ್ಟ.

ಬಿಸಿಲು ಏರಿತು. ಗೋಡೆ ಚಟಚಟನೆ ಬಿರಿಯುತ್ತಿತ್ತು. ಅವಳ ಕೆನ್ನೆಯೂ. ಉಸಿರು ಎದೆಯೊಳಗೆ ಪುಡಿಮಣ್ಣಾಗಿ ಉದುರಿತು. ಎಷ್ಟು ಹೊತ್ತಾಯಿತೋ. ಅಂಗಳದಲ್ಲಿ ಆಟೋ ನಿಂತ ಸದ್ದು.

"ಏನೇ, ಬೆಳಗಿಂದ ಫೋನೇ ಎತ್ತಲ್ಲ? ಅಯ್ಯೋ, ಮುಖ ಯಾಕೆ ಹೀಗೆ ಬಿರಿದಿದೆ? ನೀರಾದ್ರೂ ಕುಡೀತೀಯೋ ಇಲ್ವೋ?"

ತಾಯಿ ಜಯಲಕ್ಷ್ಮಮ್ಮ. ಕೈಯಲ್ಲಿ ಊಟದ ಕ್ಯಾರಿಯರ್. ಒಳಗೆ ಬರಬೇಡ ಎಂಬ ಮಾತು ನಿಸರ್ಗಳ ಗಂಟಲವರೆಗೂ ಬಂತು. ಅವಳು ಅದನ್ನು ನುಂಗಿಕೊಂಡಳು.

"ಅಮ್ಮಾ... ಇಲ್ಲಿ ಗೋಡೆಗೆ ಒರಗಿ ನೆಟ್ಟಗೆ ನಿಂತ್ಕೋ. ಕಪಾಟಿಗೆ ಅಳತೆ ಬೇಕು."

"ನನ್ನ ಅಳತೇಲಿ ಕಪಾಟಾ? ನಾನು ಕುಳ್ಳಿ ಕಣೇ!"

ನಗುತ್ತಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೆರಗು ಸರಿಮಾಡಿಕೊಂಡು ಗೋಡೆಗೆ ಬೆನ್ನು ಕೊಟ್ಟರು. ಮಗಳಿಗೆ ಅನುಕೂಲವಾಗಲೆಂದು ಹಿಮ್ಮಡಿ ಎತ್ತಿ ಒಂದಿಷ್ಟು ಎತ್ತರವನ್ನೂ ಕೂಡಿಸಿದರು.

ನೆತ್ತಿಯಿಂದ ಹಿಮ್ಮಡಿ. ನೂಲನ್ನು ಅಲ್ಲಿಗೇ ಹರಿದಳು. ಹಾರೆ ತೋಡಿದ ಗುಳಿಗೆ ಮಣ್ಣು. ಮಣ್ಣಿನೊಳಗೆ ನೂಲು. ಒತ್ತಿದಳು.

ಕಾಲು ಹಗುರಾಯಿತು. ಹೊಸ್ತಿಲು ದಾಟಿದಳು. ಅಂಗಳ. ಆಟೋ. ಓಡಿದಳು.

"ನಿಂತ್ಕೊಳ್ಳೇ, ನಾನೂ ಬರ್ತೀನಿ," ಎಂದಿತು ಹಿಂದಿನಿಂದ ಅಮ್ಮನ ದನಿ. ಆಮೇಲೆ, ಸ್ವಲ್ಪ ಅಚ್ಚರಿಯಿಂದ: "ಯಾಕೋ ಕಾಲೇ ಏಳ್ತಿಲ್ಲ ಕಣೇ."